ಕೈ ನಿಧಾನವಾದರೆ ಬಿಟ್ಟುಬಿಡಬೇಕೇ?



ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಸಂಘದ ಯುವ ವಿಭಾಗದವರು ನನ್ನಿಂದ ಒಂದು ಮೃದಂಗ ಪ್ರಾತ್ಯಕ್ಷಿಕೆ ಮಾಡಿಸಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮೃದಂಗವನ್ನೇ ನಂಬಿಕೊಂಡು ಮುಂಬಯಿಯಲ್ಲಿ ಬದುಕಿದವನು ನಾನು. ನುಡಿಸು ಎಂದರೆ ನುಡಿಸಿಯೇನು, ಮಾತನಾಡು ಎಂದರೆ ಸ್ವಲ್ಪ ಕಷ್ಟ. ಅದಕ್ಕೆ ಕಾರ್ಯಕರ್ತರೇ ಒಂದು ಉಪಾಯ ಮಾಡಿದ್ದರು. ಎದ್ದು ನಿಂತು ಕೇಳಲು ಸಂಕೋಚಪಡುವವರು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಲಿ, ಹೆಸರು ಬೇಡ ಎಂದರು. ಹದಿನಾಲ್ಕು ಚೀಟಿಗಳು ಬಂದವು. ಹದಿಮೂರಕ್ಕೆ ನನಗೆ ತೋಚಿದಂತೆ ಉತ್ತರ ಹೇಳಿದೆ. ಹದಿನಾಲ್ಕನೆಯದಕ್ಕೆ ಹೇಳಿದ್ದು ಉತ್ತರವಲ್ಲ, ತಮಾಷೆ.

ಆ ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಸರ್, ನಾನು ಏಳು ವರ್ಷದಿಂದ ಮೃದಂಗ ಕಲಿಯುತ್ತಿದ್ದೇನೆ. ನನ್ನ ಜೊತೆಗೆ ಸೇರಿದವರು ಆಗಲೇ ಕಛೇರಿಗೆ ನುಡಿಸುತ್ತಿದ್ದಾರೆ. ನನ್ನ ಕೈ ನಿಧಾನ. ಬಿಟ್ಟುಬಿಡಲೇ?’

ಗಂಟೆ ಎಂಟು ದಾಟಿತ್ತು, ಪಕ್ಕದ ಕೋಣೆಯಿಂದ ಊಟದ ಪಾತ್ರೆಗಳ ಸದ್ದು ಕೇಳುತ್ತಿತ್ತು. ‘ಬಿಡುವುದಾದರೆ ಆ ಮೃದಂಗವನ್ನು ನನಗೆ ಕೊಟ್ಟುಬಿಡಿ’ ಎಂದೆ. ಸಭೆಯೆಲ್ಲ ನಕ್ಕಿತು. ನಗದವರು ಒಬ್ಬರು ಇದ್ದೇ ಇರಬೇಕು. ಮನೆಗೆ ಹೋಗಿ ಜುಬ್ಬಾ ಕಳಚುವಾಗ ಆ ಚೀಟಿ ಜೇಬಿನಿಂದ ಕೆಳಗೆ ಬಿತ್ತು. ತಿದ್ದಿ ತಿದ್ದಿ ಬರೆದ ಕನ್ನಡ ಅಕ್ಷರ. ಇಲ್ಲಿ ಹುಟ್ಟಿ ಬೆಳೆದ ಮಗುವೊಂದು ಅಷ್ಟು ಶ್ರಮಪಟ್ಟು ಕನ್ನಡದಲ್ಲಿ ಬರೆದು ಕೇಳಿದ ಪ್ರಶ್ನೆಗೆ ನಾನು ನಗೆ ಹುಟ್ಟಿಸಿ ಕೈ ತೊಳೆದುಕೊಂಡೆನಲ್ಲ ಎಂದು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಸಂಪಾದಕರು ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಒಪ್ಪಿಕೊಂಡದ್ದು ಆ ಒಂದು ಚೀಟಿಗೋಸ್ಕರ. ಆದರೆ ಅದಕ್ಕೆ ನೇರವಾಗಿ ಉತ್ತರ ಹೇಳಲು ಬರುವುದಿಲ್ಲ. ಬೇರೆ ಚೀಟಿಗಳ ದಾರಿಯಿಂದಲೇ ಅಲ್ಲಿಗೆ ಹೋಗಬೇಕು. ಸ್ವಲ್ಪ ತಾಳ್ಮೆಯಿಂದ ಓದಿ.

ಅತಿ ಹೆಚ್ಚು ಜನ ಕೇಳಿದ್ದು, ‘ದಿನಕ್ಕೆ ಎಷ್ಟು ಗಂಟೆ ಸಾಧಕ ಮಾಡಬೇಕು?’ ಎಂದು. ಹಿಂದಿನ ವಿದ್ವಾಂಸರ ಅಸುರ ಸಾಧಕದ ಕಥೆಗಳನ್ನು ನೀವೂ ಕೇಳಿರುತ್ತೀರಿ. ಅವರಿಗೆ ಶಾಲೆ, ಟ್ಯೂಷನ್, ಲೋಕಲ್ ರೈಲು ಇರಲಿಲ್ಲ. ನಿಮಗೆ ನಲವತ್ತು ನಿಮಿಷ ಸಾಕು, ಆದರೆ ಪ್ರತಿದಿನ ಬೇಕು. ಭಾನುವಾರ ಐದು ಗಂಟೆ ಬಾರಿಸಿ ವಾರವಿಡೀ ಮುಟ್ಟದವನಿಗಿಂತ ದಿನಾ ನಲವತ್ತು ನಿಮಿಷ ಕೂತವನು ಮುಂದೆ ಹೋಗುತ್ತಾನೆ. ಆ ನಲವತ್ತರಲ್ಲಿ ಮೊದಲ ಹತ್ತು ನಿಮಿಷ ಮೊದಲ ಪಾಠಕ್ಕೆ: ತ, ಧಿ, ತೋಂ, ನಂ. ನಾನು ಕಲಿತ ಪದ್ಧತಿಯಲ್ಲಿ ತ ಎಡಗೈಯ ಮುಚ್ಚಿದ ಪೆಟ್ಟು, ಧಿ ಬಲಗೈ ಬೆರಳುಗಳು ಕರಣೆಯ ನಡುವೆ ಬೀಳುವ ಪೆಟ್ಟು, ತೋಂ ಎಡಗಡೆಯ ತೆರೆದ ನಾದ, ನಂ ಬಲಗಡೆಯ ಅಂಚಿನಲ್ಲಿ ತೋರುಬೆರಳಿನಿಂದ ಎಬ್ಬಿಸುವ ನಾದ. ಎರಡು ಮುಚ್ಚಿದ ಸದ್ದು, ಎರಡು ತೆರೆದ ಸದ್ದು. ಮುಂದಿನ ವಿದ್ಯೆಯೆಲ್ಲ ಇವುಗಳ ಸಂಸಾರವೇ. ತಾಳದ ನಡಿಗೆಯನ್ನು ಬದಲಿಸದೆ, ಪೆಟ್ಟಿಗೆ ಒಂದರಂತೆ, ಆಮೇಲೆ ಎರಡರಂತೆ, ಆಮೇಲೆ ನಾಲ್ಕರಂತೆ ಮೂರು ಕಾಲದಲ್ಲಿ ನುಡಿಸಿ. ಮೂರನೆಯ ಕಾಲದಲ್ಲಿ ಸದ್ದು ಕಲಸಿಹೋದರೆ ಹಿಂದಕ್ಕೆ ಬನ್ನಿ. ಅದರಲ್ಲಿ ಅವಮಾನವೇನೂ ಇಲ್ಲ.

ಇನ್ನೊಬ್ಬರು, ‘ನನ್ನ ನಂ ಏಕೆ ಮೊಳಗುವುದಿಲ್ಲ? ಎಷ್ಟು ಜೋರಾಗಿ ಹೊಡೆದರೂ ಟಪ್ ಎನ್ನುತ್ತದೆ’ ಎಂದು ಕೇಳಿದ್ದರು. ಜೋರಾಗಿ ಹೊಡೆಯುವುದರಿಂದಲೇ ಹಾಗಾಗುತ್ತದೆ. ಸಾಮಾನ್ಯ ಚರ್ಮವಾದ್ಯದ ಸದ್ದಿನಲ್ಲಿ ಏಳುವ ಬೇರೆ ಬೇರೆ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಅದರಲ್ಲಿ ಶ್ರುತಿ ನಿಲ್ಲುವುದಿಲ್ಲ. ನಮ್ಮ ಮೃದಂಗ, ತಬಲಗಳ ನಡುವೆ ಹಚ್ಚಿದ ಕಪ್ಪು ಕರಣೆಯ ಭಾರ ಆ ಸ್ವರಗಳನ್ನು ತಂತಿವಾದ್ಯದಲ್ಲಿರುವಂತೆ ಸಾಲಾಗಿ ಹೊಂದಿಸುತ್ತದೆ. ಇದನ್ನು ವಿಜ್ಞಾನದ ಭಾಷೆಯಲ್ಲಿ ಜಗತ್ತಿಗೆ ಹೇಳಿದವರು ಸರ್ ಸಿ. ವಿ. ರಾಮನ್. 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಮೇಲೆ, 1934ರಲ್ಲಿ ಇನ್ನಷ್ಟು ವಿವರವಾದ ಲೇಖನ ಪ್ರಕಟಿಸಿದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಎಲ್ಲಿ ಅದು ಕುಣಿಯುತ್ತದೆ, ಎಲ್ಲಿ ಸುಮ್ಮನೆ ನಿಲ್ಲುತ್ತದೆ ಎಂದು ನೋಡಿದರಂತೆ. ನೀವು ನಂ ನುಡಿಸುವಾಗ ಉಂಗುರ ಬೆರಳು ಕರಣೆಯ ಅಂಚನ್ನು ಹಗುರವಾಗಿ ಮುಟ್ಟಿರುತ್ತದೆಯಲ್ಲ, ಆ ಬೆರಳಿನ ಕೆಲಸ ಒಂದು ಬಗೆಯ ಕಂಪನವನ್ನು ತಡೆದು ಇನ್ನೊಂದನ್ನು ಹಾಡಲು ಬಿಡುವುದು. ಬೆರಳು ಒತ್ತಿದರೆ ಎಲ್ಲವೂ ಸತ್ತುಹೋಗುತ್ತದೆ. ತೋರುಬೆರಳು ಅಂಚಿಗೆ ತಾಗಿದ ಕೂಡಲೇ ಮೇಲಕ್ಕೆ ಬರಬೇಕು, ಬಿಸಿ ಕಾವಲಿ ಮುಟ್ಟಿದ ಕೈಯಂತೆ. ಪೆಟ್ಟು ಬೀಳಬೇಕಾದದ್ದು ಕೈಯ ಭಾರದಿಂದ, ತೋಳಿನ ಬಲದಿಂದ ಅಲ್ಲ.

‘ಫ್ಲ್ಯಾಟಿನಲ್ಲಿ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ, ಏನು ಮಾಡಲಿ?’ ಎಂದು ಬರೆದವರಿಗೆ ನನ್ನ ಪೂರ್ಣ ಸಹಾನುಭೂತಿ. ಡೊಂಬಿವಲಿಯ ಚಾಳಿನಲ್ಲಿ ಒಂದು ಗೋಡೆಯ ಆಚೆ ರಾತ್ರಿಪಾಳಿಯ ಕಾರ್ಮಿಕ ಹಗಲು ಮಲಗುತ್ತಿದ್ದ, ಈಚೆ ನಾನು ಕಲಿಯುತ್ತಿದ್ದೆ. ಬಲಗಡೆಯ ಮೇಲೆ ದಪ್ಪ ಟವೆಲ್ ಹಾಸಿ ನುಡಿಸಿ. ಎಡಗಡೆಗೆ ರವೆ ಹಚ್ಚಬೇಡಿ. ಅಥವಾ ಮಡಿಸಿದ ಕಂಬಳಿಯ ಮೇಲೆ ಬೆರಳಾಡಿಸಿ. ಬರಿಯ ಮೇಜಿನ ಮೇಲೆ ಮಾತ್ರ ಬೇಡ, ಬೆರಳ ಗಿಣ್ಣಿಗೆ ಕೇಡು. ಎಲ್ಲಕ್ಕಿಂತ ಒಳ್ಳೆಯದು ಬಾಯಿಂದ ಹೇಳುವುದು. ಅದಕ್ಕೆ ಯಾವ ನೆರೆಯವರೂ ಆಕ್ಷೇಪಿಸರು. ಡೊಂಬಿವಲಿಯಿಂದ ದಾದರಿನ ತನಕ ನಿಂತುಕೊಂಡೇ ಎಷ್ಟೋ ಪಾಠಗಳನ್ನು ನಾನು ತುಟಿಯೊಳಗೇ ಮುಗಿಸಿದ್ದೇನೆ.

‘ಬಾಯಿಂದ ಹೇಳುವುದರಿಂದ ಕೈಗೆ ಏನು ಪ್ರಯೋಜನ?’ ಎಂಬ ಚೀಟಿಯೂ ಇತ್ತು. ಈಗಲೇ ಒಂದು ಪ್ರಯೋಗ ಮಾಡಿ. ಆದಿತಾಳ ಹಾಕಿ: ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಒಟ್ಟು ಎಂಟು ಎಣಿಕೆ. ಒಂದೊಂದು ಎಣಿಕೆಗೆ ನಾಲ್ಕು ಅಕ್ಷರ ಎಂದುಕೊಳ್ಳಿ. ಕೊನೆಯ ನಾಲ್ಕು ಎಣಿಕೆಗೆ ಹದಿನಾರು ಅಕ್ಷರವಾಯಿತು. ಈಗ ‘ತಧಿಗಿಣತೋಂ’ ಎಂಬ ಐದಕ್ಷರದ ಸೊಲ್ಲನ್ನು ಮೂರು ಸಲ ಹೇಳಬೇಕು. ಐದು ಮೂರಲೆ ಹದಿನೈದು, ಒಂದು ಅಕ್ಷರ ಕಡಿಮೆ. ಆದ್ದರಿಂದ ಐದನೆಯ ಎಣಿಕೆಯ ಪೆಟ್ಟು ಬಿದ್ದಾಗ ಒಂದು ಅಕ್ಷರದಷ್ಟು ಸುಮ್ಮನಿದ್ದು, ಕೂಡಲೇ ಹೊರಡಿ. ಮೂರನೆಯ ತೋಂ ಮುಗಿಯುವುದಕ್ಕೂ ಆವರ್ತ ಮುಗಿಯುವುದಕ್ಕೂ ಸರಿಹೋಗುತ್ತದೆ, ಮುಂದಿನ ‘ತಾ’ ನೇರವಾಗಿ ಸಮಕ್ಕೆ ಬೀಳುತ್ತದೆ. ಮೊದಲ ಸಲ ತಪ್ಪುತ್ತದೆ, ಚಿಂತೆಯಿಲ್ಲ. ಹತ್ತನೆಯ ಸಲ ಸರಿಯಾಗಿ ಬಂದಾಗ ಒಳಗೆ ಏನೋ ಒಂದು ಕೂಡಿಬಂದಂತಾಗುತ್ತದಲ್ಲ, ಆ ಸುಖಕ್ಕೋಸ್ಕರವೇ ನಾವೆಲ್ಲ ಈ ವಿದ್ಯೆಗೆ ಬಿದ್ದವರು. ಬಾಯಿಗೆ ಬಾರದ್ದು ಕೈಗೆ ಬಂದರೆ ಅದು ಅಭ್ಯಾಸಬಲ. ಬಾಯಿಗೆ ಬಂದದ್ದು ಕೈಗೆ ಬಂದರೆ ಅದು ತಿಳಿವಳಿಕೆ.

ಇಲ್ಲಿ ಒಂದು ಮಾತು. ನನ್ನ ಶಿಷ್ಯರಲ್ಲಿ ಬಹಳ ಮಂದಿ ಪಾಠವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ತಕಾರ ಥಕಾರಗಳಿಗೆ ವ್ಯತ್ಯಾಸವಿಲ್ಲ, ನಕಾರ ಣಕಾರ ಎರಡೂ ಒಂದೇ. ‘ಗಿಣ’ ಎನ್ನುವಾಗ ನಾಲಿಗೆ ಮೇಲಕ್ಕೆ ಮಡಿಯಬೇಕು. ಅದು ಮಡಿಯದಿದ್ದರೆ ಸೊಲ್ಲು ಸಪ್ಪೆ. ಮುಲುಂಡಿನಲ್ಲಿ ಹುಟ್ಟಿದ ಹುಡುಗನೊಬ್ಬ ಈ ಒಂದು ಕಾರಣಕ್ಕೆ ಎರಡು ತಿಂಗಳು ಕೂತು ಕನ್ನಡ ಅಕ್ಷರ ಕಲಿತ. ಈಗ ಅಜ್ಜಿಯ ಊರಿಗೆ ಹೋದಾಗ ಬಸ್ಸಿನ ಬೋರ್ಡು ತಾನೇ ಓದಿಕೊಳ್ಳುತ್ತಾನೆ. ಮೃದಂಗ ಕಲಿಯಲು ಬಂದವನಿಗೆ ಇದು ಕೊಸರು.

ಹುಡುಗಿಯೊಬ್ಬಳು, ‘ನಿನ್ನ ಕೈಗೆ ಇದು ಕಷ್ಟ, ಪಿಟೀಲು ಕಲಿ ಎಂದು ಮನೆಯಲ್ಲಿ ಹೇಳುತ್ತಾರೆ’ ಎಂದು ಬರೆದಿದ್ದಳು. ಮನೆಯವರಿಗೆ ಎರಡು ಹೆಸರು ಹೇಳಮ್ಮ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ಘಟ ನುಡಿಸುವುದರಲ್ಲಿ ದೇಶಕ್ಕೇ ಹೆಸರಾದವರು. ಆಂಧ್ರದ ದಂಡಮೂಡಿ ಸುಮತಿಯವರಿಗೆ ಮೃದಂಗಕ್ಕಾಗಿಯೇ 2021ರಲ್ಲಿ ಪದ್ಮಶ್ರೀ ಬಂತು. ವಾದ್ಯಕ್ಕೆ ಗಂಡು ಹೆಣ್ಣು ಗೊತ್ತಾಗುವುದಿಲ್ಲ, ಪೆಟ್ಟು ಸರಿಯೋ ತಪ್ಪೋ ಅಷ್ಟು ಗೊತ್ತಾಗುತ್ತದೆ. ಎಡಗೈಯವರಿಗೂ ಇದೇ ಮಾತು. ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈ ವಾದಕರು. ಅವರ ಕಾಲದ ದೊಡ್ಡ ಹೆಸರುಗಳಲ್ಲಿ ಅವರದೂ ಒಂದು.

ಇನ್ನು ವೇಗದ ವಿಷಯ. ನಾಲ್ಕು ಚೀಟಿಗಳಲ್ಲಿ ಇದೇ ಪ್ರಶ್ನೆ. ಇದಕ್ಕೆ ಉತ್ತರವಾಗಿ ನನ್ನದೇ ಒಂದು ಕಥೆ ಹೇಳಬೇಕು. ಆ ದಿನ ಸಭೆಯಲ್ಲಿ ಹೇಳಲು ಮನಸ್ಸು ಬರಲಿಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನ ಕೈ ಬಹಳ ವೇಗ. ಮಾಟುಂಗಾದ ಸಂಗೀತವಲಯದಲ್ಲಿ ‘ಆ ಕನ್ನಡದ ಹುಡುಗನ ಕೈ ನೋಡಿ’ ಎನ್ನುತ್ತಿದ್ದರು, ಅದು ನನ್ನ ಕಿವಿಗೂ ಬೀಳುತ್ತಿತ್ತು. ಹಿರಿಯ ಗಾಯಕಿಯೊಬ್ಬರ ಕಛೇರಿಗೆ ಪಕ್ಕವಾದ್ಯ ನುಡಿಸಲು ಕರೆ ಬಂತು. ಒಂದು ತಿಂಗಳು ದಿನಕ್ಕೆ ಆರು ಗಂಟೆ ಸಾಧಕ ಮಾಡಿದೆ. ಬಲ ಮಣಿಕಟ್ಟು ನೋಯುತ್ತಿತ್ತು. ನೋವಿದ್ದರೇ ಸಾಧಕ ಎಂದುಕೊಂಡೆ. ಕಛೇರಿಯ ದಿನ ಅವರು ವಿಳಂಬದಲ್ಲಿ ಒಂದು ಕೃತಿ ಹಾಡುತ್ತಿದ್ದರು. ಸಾಲು ಸಾಲಿನ ನಡುವೆ ಅವರು ಬಿಟ್ಟ ಜಾಗವನ್ನೆಲ್ಲ ನಾನು ನನ್ನ ವೇಗದಿಂದ ತುಂಬಿದೆ. ಜನ ಚಪ್ಪಾಳೆ ತಟ್ಟಿದರು. ಕಛೇರಿ ಮುಗಿದ ಮೇಲೆ ಕಾಲಿಗೆ ನಮಸ್ಕಾರ ಮಾಡಿದೆ. ಅವರು ತಲೆ ಮುಟ್ಟಿ, ‘ನಿನ್ನ ಮೃದಂಗ ಚೆನ್ನಾಗಿತ್ತಪ್ಪ. ನನ್ನ ಹಾಡು ಮಾತ್ರ ಎಲ್ಲೋ ಕಳೆದುಹೋಯ್ತು’ ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಅದೇ ವಾರ ಬಲಗೈಯಲ್ಲಿ ನೀರಿನ ಲೋಟ ಎತ್ತಲು ಆಗದಂತಾಯಿತು. ವೈದ್ಯರು ಸ್ನಾಯುರಜ್ಜು ಊದಿಕೊಂಡಿದೆ ಎಂದರು, ನಾಲ್ಕು ತಿಂಗಳು ವಾದ್ಯ ಮುಟ್ಟಕೂಡದು ಎಂದರು. ಒಪ್ಪಿಕೊಂಡ ಕಛೇರಿಗಳೆಲ್ಲ ಬೇರೆಯವರ ಪಾಲಾದವು. ಜೀವನವೇ ಮುಗಿಯಿತೆಂದು ಅಳುಮುಖ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಕಾಫಿ ಕುಡಿಯುತ್ತಾ, ‘ಕೈ ರಜಾ ಹಾಕಿದೆ, ಸರಿ. ಕಿವಿಗೇನಾಗಿದೆಯೋ?’ ಎಂದರು.

ಮರುದಿನದಿಂದ ಅವರ ಮನೆಯವರು ನಡೆಸುತ್ತಿದ್ದ ಮಕ್ಕಳ ಹಾಡಿನ ತರಗತಿಯಲ್ಲಿ ನನ್ನನ್ನು ಕೂರಿಸಿದರು. ಏಳೆಂಟು ವರ್ಷದ ಮಕ್ಕಳು ಸರಳೆವರಸೆ, ಗೀತೆ ಹಾಡುವುದು. ನಾನು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುವುದು, ಅಷ್ಟೇ. ಮೊದಲ ಹದಿನೈದು ದಿನ ನಾಚಿಕೆಯಿಂದ ತಲೆ ಎತ್ತಲಿಲ್ಲ. ಆಮೇಲೆ ಬೇರೆ ಕೆಲಸವಿಲ್ಲದ್ದರಿಂದ ಕೇಳಲು ಶುರುಮಾಡಿದೆ. ಯಾವ ಮಗು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಎಲ್ಲಿ ಹೆದರಿ ಓಡುತ್ತದೆ, ಯಾವ ಸ್ವರದ ಮೇಲೆ ನಿಲ್ಲಲು ಇಷ್ಟಪಡುತ್ತದೆ ಎಂಬುದೆಲ್ಲ ಒಂದೊಂದಾಗಿ ಕೇಳಿಸತೊಡಗಿತು. ಓಡುವ ಮಗುವನ್ನು ತಾಳ ಜೋರಾಗಿ ತಟ್ಟಿ ಹಿಡಿಯಲಾಗುವುದಿಲ್ಲ. ನಾನು ಅಲುಗದೆ ನಿಂತರೆ ಅದೇ ಬಂದು ಸೇರಿಕೊಳ್ಳುತ್ತದೆ. ಹದಿನಾಲ್ಕು ವರ್ಷ ಮೃದಂಗ ನುಡಿಸಿದವನು ಇನ್ನೊಬ್ಬರ ಉಸಿರನ್ನು ಕೇಳಿಸಿಕೊಂಡದ್ದು ಅದೇ ಮೊದಲು. ಆ ಗಾಯಕಿ ಸಾಲುಗಳ ನಡುವೆ ಬಿಟ್ಟದ್ದು ಖಾಲಿ ಜಾಗವಲ್ಲ, ಉಸಿರು ಎಂದು ಆಗ ತಿಳಿಯಿತು.

ಐದನೆಯ ತಿಂಗಳು ಮತ್ತೆ ತ, ಧಿ, ತೋಂ, ನಂ ಇಂದ ಶುರುಮಾಡಿದೆ. ಭುಜ ಇಳಿಬಿಟ್ಟು, ಮಣಿಕಟ್ಟು ಸಡಿಲಬಿಟ್ಟು, ಅರ್ಧ ಗಂಟೆಗೊಮ್ಮೆ ಕೈಗೆ ವಿಶ್ರಾಂತಿ ಕೊಟ್ಟು ನುಡಿಸಿದೆ. ನನ್ನ ಮೊದಲಿನ ವೇಗ ಪೂರ್ತಿಯಾಗಿ ಮರಳಲೇ ಇಲ್ಲ. ಆದರೆ ಎರಡು ವರ್ಷದ ಮೇಲೆ ಅದೇ ಗಾಯಕಿ ತಾವಾಗಿಯೇ ಕರೆಸಿಕೊಂಡರು. ಆಮೇಲೆ ಅವರು ಹಾಡುವಷ್ಟು ಕಾಲ ನಾನೇ ನುಡಿಸಿದೆ. ಆದ್ದರಿಂದ ವೇಗ ಬೇಕೆನ್ನುವವರಿಗೆ ಹೇಳುವುದು ಇಷ್ಟೇ. ಮೊಬೈಲಿನಲ್ಲಿ ಮೆಟ್ರೊನೋಮ್ ಇದೆ. ಅರವತ್ತಕ್ಕೆ ಇಟ್ಟು ನುಡಿಸಿ, ಪ್ರತಿ ಪೆಟ್ಟೂ ಸ್ವಚ್ಛವಾದ ಮೇಲೆ ನಾಲ್ಕು ಹೆಚ್ಚಿಸಿ. ಸ್ನಾಯು ಬಿಗಿಯುವುದು ಬೇರೆ, ಚುಚ್ಚುವ ನೋವು ಬೇರೆ. ಚುಚ್ಚಿದ ಕೂಡಲೇ ನಿಲ್ಲಿಸಿ, ಮರುದಿನವೂ ಇದ್ದರೆ ವೈದ್ಯರಿಗೆ ತೋರಿಸಿ. ನಾನು ಮಾಡಿದ ತಪ್ಪನ್ನು ನೀವೂ ಮಾಡಿ ಕಲಿಯಬೇಕಾಗಿಲ್ಲ.

ಈಗ ಆ ಹದಿನಾಲ್ಕನೆಯ ಚೀಟಿಗೆ ಬರುತ್ತೇನೆ. ಅದನ್ನು ಬರೆದವರು ನೀವೇ ಆಗಿದ್ದರೆ, ಮೊದಲು ನನ್ನ ಆ ತಮಾಷೆಗೆ ಕ್ಷಮಿಸಿ.

ನಿಮ್ಮ ಕೈ ನಿಧಾನವಿರಬಹುದು, ಇಲ್ಲವೆನ್ನುವುದಿಲ್ಲ. ಏಳು ವರ್ಷದ ಮೇಲೆ ನಿಮಗೇ ಗೊತ್ತಿರುತ್ತದೆ. ಕೆಲವರ ಕೈ ಹುಟ್ಟಿನಿಂದಲೇ ಚುರುಕು, ಕೆಲವರದು ಅಲ್ಲ. ದಿನವೂ ದುಡಿದರೆ ಒಂದಷ್ಟು ಹೆಚ್ಚುತ್ತದೆ, ಎಲ್ಲರಿಗೂ ಸಮನಾಗಿ ಅಲ್ಲ. ಮೃದಂಗವನ್ನೇ ವೃತ್ತಿ ಮಾಡಿಕೊಳ್ಳಲು ಹೊರಟವರಿಗೆ ಇದು ಲೆಕ್ಕಕ್ಕೆ ಬರುತ್ತದೆ. ವೃತ್ತಿಯಲ್ಲಿ ನಾನು ಸುಖವಾಗಿ ಉಂಡದ್ದೂ ಉಂಟು. ಸಂಪಾದನೆ ಸಾಲದೆ ಭರತನಾಟ್ಯದ ರಂಗಪ್ರವೇಶಗಳಿಗೆ ನುಡಿಸಿ, ಮನೆಮನೆಗೆ ಹೋಗಿ ಪಾಠ ಹೇಳಿ ತಿಂಗಳು ದೂಡಿದ್ದೂ ಉಂಟು. ಹಾಗಾಗಿ ಸುಳ್ಳು ಧೈರ್ಯ ಹೇಳಲಾರೆ.

ಆದರೆ ನಿಮ್ಮ ಚೀಟಿಯಲ್ಲಿ ಕೈಯ ಮಾತಿದೆ, ಜೊತೆಯವರ ಮಾತಿದೆ, ಕೇಳುವ ಮಾತೇ ಇಲ್ಲ. ಬಿಡುವುದೋ ಉಳಿಯುವುದೋ ನಿರ್ಧರಿಸುವ ಮೊದಲು ಮೂರು ತಿಂಗಳು ಒಂದು ಕೆಲಸ ಮಾಡಿ. ಮೃದಂಗಕ್ಕೆ ಹೊದಿಕೆ ಹಾಕಿ ಇಡಿ. ಹಾಡು ಕಲಿಯುತ್ತಿರುವ ಯಾರಾದರೂ ನಿಮ್ಮ ಪರಿಚಯದಲ್ಲಿ ಇರಬಹುದು. ತಂಗಿ, ಗೆಳತಿ, ಕೆಳಗಿನ ಮನೆಯ ಆಂಟಿ, ಯಾರಾದರೂ ಸರಿ. ವಾರಕ್ಕೆರಡು ದಿನ ಅವರ ಎದುರು ಕೂತು ಕೈತಾಳ ಹಾಕಿ. ಅವರ ಉಸಿರು ಎಲ್ಲಿ ಎಂದು ಹುಡುಕಿ. ಒಂದು ದಿನ ಅವರು ತಪ್ಪಿದಾಗ ನೀವು ತಪ್ಪದೆ ನಿಂತು, ಅವರು ನಿಮ್ಮನ್ನು ನೋಡಿ ದಾರಿ ಸೇರಿಕೊಂಡರೆ, ಆ ಹೊತ್ತಿನಲ್ಲಿ ನಿಮಗೆ ಏನನ್ನಿಸುತ್ತದೆ ಎಂದು ಗಮನಿಸಿ. ಖುಷಿ ಎನ್ನಿಸಿದರೆ ಹೊದಿಕೆ ತೆಗೆಯಿರಿ. ನಿಧಾನದ ಕೈಗೆ ತಕ್ಕ ಕೆಲಸ ಈ ವಿದ್ಯೆಯಲ್ಲಿ ಬೇಕಾದಷ್ಟಿದೆ. ಹಾಡುವವರಿಗೆ ಬೇಕಾಗಿರುವುದು ಹೆಚ್ಚಾಗಿ ಅಂಥ ಕೈಯೇ. ಬೇಸರವೆನಿಸಿದರೆ ನೆಮ್ಮದಿಯಿಂದ ಬಿಟ್ಟುಬಿಡಿ. ಏಳು ವರ್ಷ ದಂಡವಾಯಿತೆಂದು ಅಪ್ಪ ಅಮ್ಮ ಹೇಳಿದರೆ ನನ್ನ ಹತ್ತಿರ ಕಳಿಸಿ, ನಾನು ಮಾತನಾಡುತ್ತೇನೆ. ತಾಳ ತಿಳಿದು ಕೇಳುವ ಒಬ್ಬ ಶ್ರೋತೃ ಸಭೆಯಲ್ಲಿ ಕೂತಿದ್ದರೆ ವೇದಿಕೆಯ ಮೇಲಿರುವ ನಮಗೆ ಅದು ಗೊತ್ತಾಗುತ್ತದೆ. ಅಂಥವರ ಎದುರು ನುಡಿಸುವ ದಿನ ನಾವು ಕೂಡ ಚೆನ್ನಾಗಿ ನುಡಿಸುತ್ತೇವೆ.

ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ಮೊದಲ ಮಹಡಿಯ ಕೋಣೆಯಲ್ಲಿ ನನ್ನ ತರಗತಿ ಇರುತ್ತದೆ. ಚೀಟಿ ಬರೆದವರು ಯಾರು ಎಂದು ನಾನು ಕೇಳುವುದಿಲ್ಲ. ಮೃದಂಗ ಹೊತ್ತು ತರಬೇಡಿ, ಹಾಡುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ. ತಾಳ ಇಬ್ಬರೂ ಸೇರಿ ಹಾಕೋಣ.